ಸೋತ ದಿನವೂ ಕುಣಿಯುವವರು

(ಮೈಸೂರಿನ ಗೆಳೆಯರ ಬಳಗದ ಭಾನುವಾರದ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಒಂದಿಷ್ಟು ತಿದ್ದಿದ್ದೇನೆ, ಒಂದಿಷ್ಟು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ನನ್ನ ತಲೆಯನ್ನು ಒಂದು ಸಲ ನೋಡಿಬಿಡಿ. ಕೂದಲಿಲ್ಲ. ಇವತ್ತಿನ ಮಾತು ಶುರುವಾಗುವುದೇ ಅಲ್ಲಿಂದ.

ಫಿಲಡೆಲ್ಫಿಯಾದಲ್ಲಿ ಕೆಲಸಕ್ಕಿದ್ದಾಗ ಆಫೀಸಿನವರು ಒಂದು ಸಂಜೆ ಬೇಸ್‌ಬಾಲ್ ನೋಡಲು ಕರೆದುಕೊಂಡು ಹೋದರು. ನನಗದು ಮೊದಲ ಸಲ. ಏನೂ ತಿಳಿಯಲಿಲ್ಲ. ಕ್ರಿಕೆಟ್ ನೋಡಿ ಬೆಳೆದವನಿಗೆ, ಚೆಂಡು ಹೊಡೆದವನು ಬ್ಯಾಟ್ ಬಿಸಾಕಿ ಓಡುವುದೇ ವಿಚಿತ್ರ. ಮೂರನೇ ಇನಿಂಗ್ಸ್ ಹೊತ್ತಿಗೆ ಆಕಳಿಕೆ ಬರತೊಡಗಿತು. ಆಗ ಹಿಂದಿನಿಂದ ಯಾರೋ ನನ್ನ ತಲೆಯನ್ನು ಬಟ್ಟೆಯಲ್ಲಿ ಉಜ್ಜಲು ಶುರುಮಾಡಿದರು. ಕಾರಿಗೆ ಪಾಲಿಶ್ ಹಾಕುತ್ತಾರಲ್ಲ, ಹಾಗೆ. ತಿರುಗಿ ನೋಡಿದರೆ ಒಂದು ಹಸಿರು ಪ್ರಾಣಿ. ಮೈತುಂಬ ಹಸಿರು ತುಪ್ಪಳ, ಗಡಿಗೆಯಂಥ ಹೊಟ್ಟೆ, ತುತ್ತೂರಿಯಂಥ ಮೂತಿ. ಆ ಮೂತಿಯಿಂದ ನಾಲಿಗೆಯೊಂದು ಜಾತ್ರೆಯ ಪೀಪಿಯ ಹಾಗೆ ಸುರ್ರನೆ ಬಿಚ್ಚಿಕೊಂಡು ಮತ್ತೆ ಸುತ್ತಿಕೊಂಡಿತು. ಸುತ್ತಲಿನವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಸಿಟ್ಟು ಬರಬೇಕಿತ್ತು ಅಲ್ವಾ? ಬರಲಿಲ್ಲ. ನಾನೂ ನಕ್ಕೆ.

ಅವನ ಹೆಸರು ಫಿಲ್ಲಿ ಫನಾಟಿಕ್. ಫಿಲಡೆಲ್ಫಿಯಾ ಫಿಲ್ಲೀಸ್ ತಂಡದ ಮ್ಯಾಸ್ಕಾಟ್, ಅಂದರೆ ತಂಡದ ಗುರುತಾಗಿ ವೇಷ ತೊಟ್ಟು ಜನರನ್ನು ನಗಿಸುವವನು. ಬೋಳುತಲೆ ಕಂಡರೆ ಉಜ್ಜುವುದು ಅವನ ಹಳೆಯ ಚಟ ಎಂದು ಆಮೇಲೆ ಗೊತ್ತಾಯಿತು. ಸಿಟ್ಟು ಯಾಕೆ ಬರಲಿಲ್ಲ ಅನ್ನುವ ಪ್ರಶ್ನೆ ಮಾತ್ರ ಬಹಳ ದಿನ ಉಳಿಯಿತು. ಅದಕ್ಕೆ ನನಗೆ ಸಿಕ್ಕ ಉತ್ತರ ಬೇಸ್‌ಬಾಲ್‌ನ ಸೋಲಿನ ಲೆಕ್ಕದಲ್ಲಿದೆ.

ಲೆಕ್ಕ ಅಂದ ತಕ್ಷಣ ಎದ್ದು ಹೋಗಬೇಡಿ, ಚಿಕ್ಕದೇ. ಅಮೆರಿಕದ ಬೇಸ್‌ಬಾಲ್‌ನ ದೊಡ್ಡ ಪಂದ್ಯಾವಳಿ ಮೇಜರ್ ಲೀಗ್‌ನಲ್ಲಿ ಒಂದು ತಂಡ ಒಂದು ಸೀಸನ್‌ಗೆ 162 ಪಂದ್ಯ ಆಡುತ್ತದೆ. ಅದರಲ್ಲಿ 81 ತನ್ನ ಊರಿನಲ್ಲೇ. ಆರು ತಿಂಗಳು, ಹೆಚ್ಚುಕಡಿಮೆ ದಿನಾ ಆಟ. ಚೆನ್ನಾಗಿ ಆಡುವ ತಂಡವೂ ವರ್ಷಕ್ಕೆ ಅರವತ್ತು ಪಂದ್ಯ ಸೋಲುತ್ತದೆ. ಕೆಟ್ಟ ತಂಡ ನೂರು ದಾಟುತ್ತದೆ. ನಮ್ಮ ಐಪಿಎಲ್‌ನಲ್ಲಿ ಲೀಗ್ ಹಂತಕ್ಕೆ 14 ಪಂದ್ಯ. ನಾಲ್ಕು ಸೋತರೆ ವಾಟ್ಸಾಪ್‌ನಲ್ಲಿ ನಾಯಕನ ಗ್ರಹಚಾರ ಬಿಡಿಸುತ್ತೇವೆ. ಇನ್ನು ನೂರು ಸೋಲು ಅಂದರೆ! ಆದರೆ ಹದಿನೇಳು ವರ್ಷ 'ಈ ಸಲ ಕಪ್ ನಮ್ದೇ' ಎಂದು ಹೇಳುತ್ತಲೇ ಇದ್ದು, ಹದಿನೆಂಟನೆಯ ಸಲ, 2025ರಲ್ಲಿ, ಕಪ್ ನೋಡಿದವರು ನಾವು. ಸೋಲಿನ ಜೊತೆ ಸಂಸಾರ ಮಾಡುವುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಸಂಗತಿ. ಬೇಸ್‌ಬಾಲ್‌ನಲ್ಲಿ ಒಂಬತ್ತು ಇನಿಂಗ್ಸ್. ಪ್ರತಿ ಇನಿಂಗ್ಸ್‌ನಲ್ಲೂ ಎರಡೂ ತಂಡ ಒಂದೊಂದು ಸಲ ಬ್ಯಾಟ್ ಮಾಡುತ್ತವೆ. ಹಾಗಾಗಿ ಒಂದು ಪಂದ್ಯದಲ್ಲಿ ಕಡಿಮೆ ಅಂದರೂ ಹದಿನಾರು ಸಲ ಆಟಗಾರರು ಒಳಗೆ ಹೋಗಿ ಹೊರಗೆ ಬರುತ್ತಾರೆ. ಅಷ್ಟು ಸಲ ಮೈದಾನ ಖಾಲಿ. ಜನ ಸುಮ್ನೆ ಕೂತಿರಬೇಕು. ಸೋಲುವ ಸಂಜೆಗಳು ಮತ್ತು ಈ ಖಾಲಿ ನಿಮಿಷಗಳು, ಎರಡೂ ಸೇರಿದ ಜಾಗದಲ್ಲಿ ಮ್ಯಾಸ್ಕಾಟ್ ಹುಟ್ಟಿದ್ದು.

ಮೊದಲು ಹೀಗಿರಲಿಲ್ಲ. ಆ ಪದ ಬಂದದ್ದು ಫ್ರೆಂಚ್‌ನಿಂದ. ಅದೃಷ್ಟ ತರುವ ವ್ಯಕ್ತಿ ಅಥವಾ ವಸ್ತು ಎಂದು ಅರ್ಥ. ನೂರು ವರ್ಷದ ಹಿಂದೆ ತಂಡಗಳು ನಿಜವಾಗಿಯೂ ಅದೃಷ್ಟಕ್ಕೆಂದೇ ಹುಡುಗರನ್ನು ಇಟ್ಟುಕೊಳ್ಳುತ್ತಿದ್ದವು. ಎಡ್ಡಿ ಬೆನೆಟ್ ಎಂಬ ಹುಡುಗನಿದ್ದ. ಚಿಕ್ಕಂದಿನಲ್ಲಿ ಬೆನ್ನುಮೂಳೆಗೆ ಪೆಟ್ಟಾಗಿ ಗೂನು ಬಂದಿತ್ತು. ಆಡಲು ಹೋಗುವ ಮುಂಚೆ ಅವನ ಬೆನ್ನು ಸವರಿದರೆ ಅದೃಷ್ಟ ಎಂದು ಆಟಗಾರರು ನಂಬಿದ್ದರು. 1919ರಲ್ಲಿ ಅವನು ಶಿಕಾಗೊ ವೈಟ್ ಸಾಕ್ಸ್ ಜೊತೆ ಇದ್ದ, 1920ರಲ್ಲಿ ಬ್ರೂಕ್ಲಿನ್ ಜೊತೆ, 1921ರಿಂದ ನ್ಯೂಯಾರ್ಕ್ ಯಾಂಕೀಸ್ ಜೊತೆ. ಮೂರೂ ವರ್ಷ ಅವನಿದ್ದ ತಂಡವೇ ತನ್ನ ಲೀಗ್ ಗೆದ್ದಿತು. 1920ರ ಫೈನಲ್ ಸರಣಿಯಲ್ಲಿ ಬ್ರೂಕ್ಲಿನ್ ಮುಂದಿತ್ತು. ಮುಂದಿನ ಪಂದ್ಯಗಳಿಗೆ ಕ್ಲೀವ್‌ಲ್ಯಾಂಡ್‌ಗೆ ಹೊರಟಾಗ ಎಡ್ಡಿಯನ್ನು ಊರಲ್ಲೇ ಬಿಟ್ಟರು. ಅಲ್ಲಿ ಆಡಿದ ನಾಲ್ಕೂ ಪಂದ್ಯ ಸೋತರು. ಇದನ್ನು ಓದಿದಾಗ ನನಗೆ ನಗು ಬರಲಿಲ್ಲ. ಒಂದು ಮಗುವಿನ ಗೂನು ಬೆನ್ನಿನ ಮೇಲೆ ಹನ್ನೊಂದು ಜನ ದೊಡ್ಡವರು ತಮ್ಮ ಗೆಲುವಿನ ಭಾರ ಹೊರಿಸುವುದು... ಹನ್ನೊಂದಲ್ಲ, ಬೇಸ್‌ಬಾಲ್‌ನಲ್ಲಿ ಒಂಬತ್ತು. ಕ್ರಿಕೆಟ್ ಬಾಯಿಂದ ಹೋಗುವುದಿಲ್ಲ ನೋಡಿ.

ಈಗಿನ ಮ್ಯಾಸ್ಕಾಟ್ ಇದಕ್ಕೆ ತದ್ವಿರುದ್ಧ. ಅವನು ಗೆಲ್ಲಿಸುತ್ತೇನೆ ಎಂದು ಮಾತು ಕೊಡುವುದೇ ಇಲ್ಲ. ಅವನ ವಂಶವೇ ಸೋತವರ ಮನೆಯದು. ನ್ಯೂಯಾರ್ಕ್ ಮೆಟ್ಸ್ ತಂಡ 1962ರಲ್ಲಿ ಶುರುವಾಯಿತು. ಮೊದಲ ವರ್ಷವೇ 120 ಸೋಲು, 40 ಗೆಲುವು. ಎರಡನೇ ವರ್ಷ 111 ಸೋಲು. ಆ 1963ರಲ್ಲೇ ತಂಡದ ಪುಸ್ತಿಕೆಗಳಲ್ಲಿ ಮಿಸ್ಟರ್ ಮೆಟ್ ಎಂಬ ಚಿತ್ರ ಬಂತು. ತಲೆಯ ಜಾಗದಲ್ಲಿ ಒಂದು ದೊಡ್ಡ ಬೇಸ್‌ಬಾಲ್, ಅದರ ಮೇಲೆ ಮಾಸದ ನಗು. 1964ರಲ್ಲಿ ಷೇ ಸ್ಟೇಡಿಯಂ ತೆರೆದಾಗ ಒಬ್ಬ ಮನುಷ್ಯ ಆ ತಲೆ ಹಾಕಿಕೊಂಡು ಜನರ ನಡುವೆ ನಡೆದಾಡಿದ. ವೇಷ ತೊಟ್ಟು ಮೈದಾನಕ್ಕೆ ಬಂದ ಮೇಜರ್ ಲೀಗ್ ಮ್ಯಾಸ್ಕಾಟ್‌ಗಳಲ್ಲಿ ಅವನೇ ಮೊದಲಿಗ ಎನ್ನುತ್ತಾರೆ. ಆ ವರ್ಷವೂ ತಂಡ 109 ಸೋತಿತು. ಅವನ ನಗು ಹಾಗೇ ಇತ್ತು. ಹೊಲಿದ ನಗು, ಹೋಗುವುದೆಲ್ಲಿಗೆ?

ಮಿಲ್ವಾಕಿಯ ಕಥೆ ನನಗೆ ಇನ್ನೂ ಇಷ್ಟ. 1970ರಲ್ಲಿ ಬ್ರೂವರ್ಸ್ ತಂಡ ಹೊಸದಾಗಿ ಆ ಊರಿಗೆ ಬಂತು. ಆಟ ಕೆಟ್ಟದು, ಜನ ಬರಲಿಲ್ಲ. ಮಿಲ್ಟ್ ಮೇಸನ್ ಎಂಬ 69 ವರ್ಷದ ಅಭಿಮಾನಿ ಸ್ಕೋರ್‌ಬೋರ್ಡ್ ಮೇಲೆ ಹತ್ತಿ ಕೂತರು. ಒಂದು ಪಂದ್ಯಕ್ಕೆ 40,000 ಜನ ಬರುವವರೆಗೆ ಇಳಿಯುವುದಿಲ್ಲ ಎಂದು ಹಟ. ಅಲ್ಲೇ ಊಟ, ಅಲ್ಲೇ ನಿದ್ದೆ. ಸುಮಾರು ನಲವತ್ತು ದಿನವಾದ ಮೇಲೆ, ಆಗಸ್ಟ್ 16ಕ್ಕೆ 44,387 ಜನ ಬಂದರು. ಮುದುಕರು ಹಗ್ಗ ಹಿಡಿದು ಜಾರಿ ಇಳಿದರು, ಅಂಗೈ ಸುಟ್ಟುಕೊಂಡರು. ಅವರ ನೆನಪಿಗೆ 1973ರಲ್ಲಿ ಬರ್ನಿ ಬ್ರೂವರ್ ಎಂಬ ದೊಡ್ಡ ಮೀಸೆಯ ಮ್ಯಾಸ್ಕಾಟ್ ಬಂದ. ಇವತ್ತಿಗೂ ತಂಡದವರು ಹೋಮ್ ರನ್, ಅಂದರೆ ನಮ್ಮ ಸಿಕ್ಸರ್‌ನಂಥ ಹೊಡೆತ, ಹೊಡೆದರೆ ಬರ್ನಿ ಮೇಲಿನಿಂದ ಜಾರುಬಂಡಿಯಲ್ಲಿ ಜಾರುತ್ತಾನೆ. ಆ ಜಾರುವಿಕೆಯ ಹಿಂದೆ ಒಬ್ಬ ಮುದುಕರ ಸುಟ್ಟ ಅಂಗೈ ಇದೆ ಎಂದು ಈಗ ಕೂಗುವ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ.

ಇನ್ನು ಕೋಳಿ. ಸ್ಯಾನ್ ಡಿಯಾಗೊ ಕೋಳಿ. ಇದನ್ನು ಬಿಟ್ಟರೆ ನನ್ನ ಮಾತಿಗೆ ಉಪ್ಪಿಲ್ಲ. 1974ರ ಏಪ್ರಿಲ್‌ನಲ್ಲಿ ಸ್ಯಾನ್ ಡಿಯಾಗೊ ಪ್ಯಾಡ್ರೆಸ್ ತಂಡ ಎಷ್ಟು ಕೆಟ್ಟದಾಗಿ ಆಡಿತೆಂದರೆ, ಅದರ ಹೊಸ ಮಾಲೀಕ, ಮೆಕ್‌ಡೊನಾಲ್ಡ್ಸ್‌ನ ರೇ ಕ್ರಾಕ್, ಸ್ಟೇಡಿಯಂನ ಮೈಕ್ ಹಿಡಿದು ಇಂಥ ದಡ್ಡ ಆಟ ನಾನು ಕಂಡೇ ಇಲ್ಲ ಎಂದು ಜನರೆದುರೇ ತನ್ನ ಆಟಗಾರರನ್ನು ಬೈದ. ಅದೇ ವರ್ಷ ಟೆಡ್ ಜಿಯಾನೂಲಸ್ ಎಂಬ ಕಾಲೇಜು ಹುಡುಗ ಒಂದು ರೇಡಿಯೊ ಸ್ಟೇಷನ್ ಪ್ರಚಾರಕ್ಕೆ ಕೋಳಿ ವೇಷ ಹಾಕಿ ಊರಿನ ಝೂನಲ್ಲಿ ಮಕ್ಕಳಿಗೆ ಈಸ್ಟರ್ ಮೊಟ್ಟೆ ಹಂಚುತ್ತಿದ್ದ. ಆ ಕೆಲಸ ಮುಗಿದ ಮೇಲೆ ಅದೇ ವೇಷದಲ್ಲಿ ಬೇಸ್‌ಬಾಲ್ ಮೈದಾನಕ್ಕೆ ಬಂದ. ಅಂಪೈರ್‌ನನ್ನು ಅಣಕಿಸಿದ, ಎದುರು ತಂಡದವರ ಮೇಲೆ ಮಾಟ ಮಾಡಿದ ಹಾಗೆ ಕೈಯಾಡಿಸಿದ. ಆ ವರ್ಷ 102 ಪಂದ್ಯ ಸೋತ ತಂಡ ಅದು. ಜನಕ್ಕೆ ನೋಡಲು ಕೋಳಿಯಾದರೂ ಸಿಕ್ಕಿತು.

ಆಮೇಲೆ ರೇಡಿಯೊದವರಿಗೂ ಅವನಿಗೂ ಜಗಳವಾಯಿತು. ಕೆಲಸದಿಂದ ತೆಗೆದರು. ಇನ್ನು ಕೋಳಿ ವೇಷವನ್ನೇ ಹಾಕಬಾರದು ಎಂದು ಕೋರ್ಟಿಗೆ ಹೋದರು. ಅವರ ಕೋಳಿಯ ವೇಷ ಬೇಡ, ಬೇರೆ ಕೋಳಿ ಆಗಬಹುದು ಎಂಬ ಅರ್ಥದಲ್ಲಿ ಅವನಿಗೆ ದಾರಿ ಸಿಕ್ಕಿತು. ಯೋಚಿಸಿ, ನ್ಯಾಯಾಧೀಶರು ಕೂತು ಕೋಳಿಗೂ ಕೋಳಿಗೂ ವ್ಯತ್ಯಾಸ ನೋಡಿದ್ದಾರೆ. 1979ರ ಜೂನ್ 29ರಂದು ಹೊಸ ಕೋಳಿ ಹುಟ್ಟಿತು. ಪೊಲೀಸ್ ಬೈಕುಗಳ ಬೆಂಗಾವಲಿನಲ್ಲಿ ಒಂದು ಲಾರಿ ಮೈದಾನಕ್ಕೆ ಬಂತು, ಮೇಲೆ ದೊಡ್ಡ ಥರ್ಮಾಕೋಲ್ ಮೊಟ್ಟೆ. ಆಟಗಾರರು ಅದನ್ನು ಇಳಿಸಿದರು. ಸುಮಾರು 47,000 ಜನರ ಎದುರು ಚಿಪ್ಪು ಒಡೆದು ಅವನು ಹೊರಬಂದ. ನಮ್ಮ ಯಕ್ಷಗಾನದಲ್ಲಿ ರಾಕ್ಷಸ ವೇಷಕ್ಕೂ ಇಷ್ಟು ಅಬ್ಬರದ ಪ್ರವೇಶ ಇಲ್ಲ ಬಿಡಿ.

ಸರಿ, ನನ್ನ ಹಸಿರು ಗೆಳೆಯನ ಬಳಿಗೆ ಬರುತ್ತೇನೆ. ಕೋಳಿಯನ್ನು ನೋಡಿ ಬೇರೆ ತಂಡಗಳಿಗೂ ಆಸೆ ಹುಟ್ಟಿತು. ಫಿಲ್ಲೀಸ್‌ನ ಬಿಲ್ ಗೈಲ್ಸ್ ನ್ಯೂಯಾರ್ಕ್‌ನ ಬಾನಿ ಎರಿಕ್‌ಸನ್ ಮತ್ತು ವೇಯ್ಡ್ ಹ್ಯಾರಿಸನ್ ದಂಪತಿಗೆ ವೇಷ ಮಾಡಲು ಹೇಳಿದರು. ಎರಿಕ್‌ಸನ್ ಮೊದಲು ಟೀವಿಯ ಮಪೆಟ್ ಬೊಂಬೆಗಳನ್ನು ಮಾಡುತ್ತಿದ್ದವರು. ಅವುಗಳಲ್ಲಿ ಹೆಸರಾದ ಹಂದಿ ಬೊಂಬೆ ಮಿಸ್ ಪಿಗ್ಗಿ ಅವರದೇ ಕೈಕೂಸು. ಬೆಲೆ ಹೀಗಿತ್ತು: ವೇಷ ಮಾತ್ರವಾದರೆ 3,900 ಡಾಲರ್, ಹಕ್ಕುಸ್ವಾಮ್ಯವೂ ಸೇರಿದರೆ 5,200. ಗೈಲ್ಸ್ 1,300 ಡಾಲರ್ ಉಳಿಸಿದರು. ಕೆಲವು ವರ್ಷದ ನಂತರ ಅದೇ ಹಕ್ಕನ್ನು ಕೊಳ್ಳಲು ತಂಡ ಎರಡು ಲಕ್ಷಕ್ಕೂ ಹೆಚ್ಚು ಡಾಲರ್ ಕೊಡಬೇಕಾಯಿತು. ಕಥೆ ಅಲ್ಲಿಗೂ ಮುಗಿಯಲಿಲ್ಲ. ಅಮೆರಿಕದ ಕಾನೂನಿನಲ್ಲಿ, ಕಲಾವಿದರು ಮಾರಿದ ಹಕ್ಕನ್ನು 35 ವರ್ಷದ ನಂತರ ವಾಪಸ್ ಕೇಳಲು ಅವಕಾಶವಿದೆ. ಅವರು ಕೇಳಿದರು. 2019ರಲ್ಲಿ ತಂಡ ಕೋರ್ಟಿಗೆ ಹೋಯಿತು. 2020ರಲ್ಲಿ ಫನಾಟಿಕ್‌ನ ಕಣ್ಣು, ಕಾಲು, ಬಾಲ ಎಲ್ಲ ಸ್ವಲ್ಪ ಸ್ವಲ್ಪ ಬದಲಾಯಿಸಿ ಮೈದಾನಕ್ಕೆ ಬಿಟ್ಟಿತು. ಊರಿನವರು ಮುಖ ಸಿಂಡರಿಸಿದರು. 2021ರಲ್ಲಿ ರಾಜಿಯಾಗಿ ಹಳೆಯ ಮುಖ ಮರಳಿತು. ಅಗ್ಗ ಕೊಂಡು ಮುಗ್ಗಿದ ಹಾಗೆ ಅನ್ನುವುದು ಇದಕ್ಕೇ.

1978ರ ಏಪ್ರಿಲ್ 25ರಂದು ಮೊದಲ ಸಲ ಆ ವೇಷದೊಳಗೆ ಹೋದವನು ಡೇವ್ ರೇಮಂಡ್. ತಂಡದ ಆಫೀಸಿನಲ್ಲಿ ಇಂಟರ್ನ್ ಆಗಿದ್ದ ಹುಡುಗ. ಅವನ ತಾಯಿಗೆ ಕಿವಿ ಕೇಳುತ್ತಿರಲಿಲ್ಲ. ಮನೆಯಲ್ಲಿ ಮುಖ, ಕೈ, ಮೈಯಿಂದಲೇ ಮಾತು ಮುಟ್ಟಿಸಿ ಬೆಳೆದವನು. ಮ್ಯಾಸ್ಕಾಟ್ ಮಾತಾಡುವಂತಿಲ್ಲ, ಮುಖವೂ ಅಲುಗುವುದಿಲ್ಲ. ಭುಜ, ಸೊಂಟ, ಹೊಟ್ಟೆ, ಇಷ್ಟರಲ್ಲೇ ಕೋಪ, ನಾಚಿಕೆ, ಕೊಬ್ಬು ಎಲ್ಲ ತೋರಿಸಬೇಕು. ಫನಾಟಿಕ್ ಹೊಟ್ಟೆ ಕುಲುಕಿಸಿದರೆ ಮೇಲಿನ ಕೊನೆಯ ಸಾಲಿನಲ್ಲಿ ಕೂತವರಿಗೂ ಅವನು ಯಾರನ್ನು ಅಣಕಿಸುತ್ತಿದ್ದಾನೆ ಎಂದು ತಿಳಿಯುತ್ತದೆ. ರೇಮಂಡ್ 1993ರವರೆಗೆ ಆ ಬೆವರಿನೊಳಗಿದ್ದ.

ಮಾತಿಲ್ಲದಿರುವುದೇ ದೊಡ್ಡ ಅನುಕೂಲ ಅನ್ನಿಸುತ್ತದೆ ನನಗೆ. ಮನುಷ್ಯನೊಬ್ಬ ಬಂದು ನನ್ನ ತಲೆ ಉಜ್ಜಿದ್ದರೆ ಜಗಳವಾಗುತ್ತಿತ್ತು. ನಮ್ಮ ದಸರಾ ಮೆರವಣಿಗೆಯ ಗಾರುಡಿ ಗೊಂಬೆ ಮಗುವಿನ ಮೇಲೆ ಬಾಗಿದರೆ ಮಗು ಕಿರುಚುತ್ತದೆ, ಅಪ್ಪ ನಗುತ್ತಾನೆ. ಒಳಗೊಬ್ಬ ಮನುಷ್ಯ ಇದ್ದಾನೆ ಎಂದು ಅಪ್ಪನಿಗೆ ಗೊತ್ತು, ಆದರೂ ಬೈಯುವುದಿಲ್ಲ. ವೇಷಕ್ಕೆ ಅಷ್ಟು ಸಲಿಗೆ.

ಆ ಸಲಿಗೆ ಒಪ್ಪದವರೂ ಇದ್ದಾರೆ. ಲಾಸ್ ಏಂಜಲಿಸ್ ಡಾಡ್ಜರ್ಸ್‌ನ ಮ್ಯಾನೇಜರ್ ಟಾಮಿ ಲಸೋರ್ಡ. 1988ರಲ್ಲಿ ಫನಾಟಿಕ್ ಒಂದು ಬೊಂಬೆಗೆ ಲಸೋರ್ಡರ ಜೆರ್ಸಿ ತೊಡಿಸಿ ಮೈದಾನದಲ್ಲಿ ಅದನ್ನು ತುಳಿದು ಆಟವಾಡಿದ. ಅರವತ್ತರ ಆಸುಪಾಸಿನ ಲಸೋರ್ಡ ಓಡಿಬಂದು, ಬೊಂಬೆ ಕಿತ್ತುಕೊಂಡು, ಅದರಿಂದಲೇ ಅವನಿಗೆ ಬಾರಿಸಿದರು. ಜನಕ್ಕೆ ಹಬ್ಬ. ಮರುವರ್ಷ ಆಗಸ್ಟ್‌ನಲ್ಲಿ ಅದೇ ಲಸೋರ್ಡ ಕೆನಡಾದ ಮಾಂಟ್ರಿಯಲ್‌ನಲ್ಲಿ. ಅಲ್ಲಿನ ಎಕ್ಸ್‌ಪೋಸ್ ತಂಡದ ಮ್ಯಾಸ್ಕಾಟ್ ಯೂಪಿ. ಕಿತ್ತಳೆ ಬಣ್ಣದ ಕೂದಲಿನ ರಾಶಿ, ಅವನನ್ನೂ ಮಾಡಿದ್ದು ಎರಿಕ್‌ಸನ್ ಅವರೇ. ಯೂಪಿ ಡಾಡ್ಜರ್ಸ್ ಕೂತ ಜಾಗದ ಮಾಡಿನ ಮೇಲೆ ಧಡಧಡ ಕುಣಿದ. ಲಸೋರ್ಡ ಅಂಪೈರ್‌ಗೆ ದೂರು ಕೊಟ್ಟರು. ಅಂಪೈರ್ ಯೂಪಿಯನ್ನು ಹೊರಗೆ ಹಾಕಿದರು. ಮೇಜರ್ ಲೀಗ್‌ನಲ್ಲಿ ಅಂಪೈರ್ ಹೊರಹಾಕಿದ ಮೊದಲ ಮ್ಯಾಸ್ಕಾಟ್ ಅವನು. ಆ ಪಂದ್ಯ 22 ಇನಿಂಗ್ಸ್ ಎಳೆಯಿತು. ಕೊನೆಗೆ ಒಂದೇ ಒಂದು ರನ್, ಅದೂ ಡಾಡ್ಜರ್ಸ್‌ಗೆ.

ಯೂಪಿಯ ಮುಂದಿನ ಕಥೆ ಕೇಳಿ. 2004ರ ಸೀಸನ್ ಮುಗಿದ ಮೇಲೆ ಎಕ್ಸ್‌ಪೋಸ್ ತಂಡವನ್ನೇ ವಾಷಿಂಗ್ಟನ್‌ಗೆ ಎತ್ತಿಕೊಂಡು ಹೋದರು. ಹೆಸರೂ ಬದಲು. ಯೂಪಿ ಮಾತ್ರ ಮಾಂಟ್ರಿಯಲ್‌ನಲ್ಲೇ ಉಳಿದ, ಕೆಲಸವಿಲ್ಲದೆ. 2005ರಲ್ಲಿ ಊರಿನ ಐಸ್ ಹಾಕಿ ತಂಡ ಕೆನಡಿಯನ್ಸ್ ಅವನನ್ನು ಕರೆದುಕೊಂಡಿತು. ಆಟಗಾರರು ಹೋದರು, ಮಾಲೀಕರು ಹೋದರು, ಲೀಗ್ ಹೋಯಿತು. ಕಿತ್ತಳೆ ಪ್ರಾಣಿ ಇವತ್ತಿಗೂ ಆ ಊರಿನದೇ.

ಎಲ್ಲರಿಗೂ ಇದು ಒಗ್ಗುವುದಿಲ್ಲ. ಯಾಂಕೀಸ್ ಸಾಕಷ್ಟು ಗೆದ್ದ ತಂಡ, ಗತ್ತು ಜಾಸ್ತಿ. 1979ರಲ್ಲಿ ಡ್ಯಾಂಡಿ ಎಂಬ ಮೀಸೆಯ ಮ್ಯಾಸ್ಕಾಟ್ ತಂದರು, ಮೇಲಿನ ಗ್ಯಾಲರಿಗಷ್ಟೇ ಬಿಟ್ಟರು, ಎರಡು ಮೂರು ವರ್ಷದಲ್ಲಿ ಸದ್ದಿಲ್ಲದೆ ಕೈಬಿಟ್ಟರು. ಇವತ್ತಿಗೂ ಯಾಂಕೀಸ್‌ಗೆ ಮ್ಯಾಸ್ಕಾಟ್ ಇಲ್ಲ, ಡಾಡ್ಜರ್ಸ್‌ಗೂ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊದವರು 1984ರಲ್ಲಿ ಉಲ್ಟಾ ಮಾಡಿದರು. ಮ್ಯಾಸ್ಕಾಟ್‌ಗಳನ್ನೇ ಗೇಲಿ ಮಾಡಲು ಕ್ರೇಜಿ ಕ್ರಾಬ್ ಎಂಬ ಏಡಿಯನ್ನು ತಂದು, ಇವನನ್ನು ಬೈಯಿರಿ ಎಂದು ಜನಕ್ಕೆ ಹೇಳಿದರು. ತಂಡ ಆ ವರ್ಷ 96 ಪಂದ್ಯ ಸೋತಿತು. ಜನ ಬೈದರು, ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದರು. ಒಳಗಿದ್ದ ನಟನ ರಕ್ಷಣೆಗೆ ವೇಷವನ್ನೇ ಗಟ್ಟಿ ಮಾಡಬೇಕಾಯಿತು. ಒಂದೇ ವರ್ಷಕ್ಕೆ ಏಡಿ ಮನೆಗೆ. ಸೋಲಿನ ಸಿಟ್ಟು ಕರಗಿಸಲು ಇರುವವನನ್ನು ಸಿಟ್ಟಿಗೇ ಗುರಿ ಮಾಡಿದರೆ ಇನ್ನೇನಾಗುತ್ತದೆ?

ಅದೇ ಸೋಲನ್ನು ಜಾಣತನದಿಂದ ಬಳಸಿದವರು ವಾಷಿಂಗ್ಟನ್ನಿನವರು. ಅಲ್ಲಿ 2006ರಿಂದ ನಾಲ್ಕನೇ ಇನಿಂಗ್ಸ್‌ನಲ್ಲಿ ನಾಲ್ವರು ಅಧ್ಯಕ್ಷರ ಓಟ. ವಾಷಿಂಗ್ಟನ್, ಜೆಫರ್‌ಸನ್, ಲಿಂಕನ್, ಟೆಡ್ಡಿ ರೂಸ್‌ವೆಲ್ಟ್, ಎಲ್ಲರಿಗೂ ದೊಡ್ಡ ದೊಡ್ಡ ತಲೆ. ಮೊದಮೊದಲು ಟೆಡ್ಡಿ ಗೆಲ್ಲುತ್ತಲೇ ಇರಲಿಲ್ಲ. ಗೆಲ್ಲುವ ಹೊತ್ತಿಗೆ ಬೀಳುತ್ತಿದ್ದ, ದಾರಿ ತಪ್ಪುತ್ತಿದ್ದ. ಹೀಗೆ 500ಕ್ಕೂ ಹೆಚ್ಚು ಸಲ ಸೋತ. ಅಭಿಮಾನಿಗಳು ಟೆಡ್ಡಿ ಗೆಲ್ಲಲಿ ಎಂದು ಬೋರ್ಡ್ ಹಿಡಿದು ಬರತೊಡಗಿದರು. 2012ರ ಅಕ್ಟೋಬರ್ 3ರಂದು ಕೊನೆಗೂ ಗೆದ್ದ. ಆ ವರ್ಷವೇ ತಂಡ ಮೊದಲ ಸಲ ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆದಿತ್ತು. ನನಗನ್ನಿಸುತ್ತದೆ, ಗೆಲ್ಲಿಸಬಾರದಿತ್ತು.

ಒಂದು ಕಹಿ ಮಾತೂ ಹೇಳಬೇಕು. ಎಲ್ಲ ವೇಷವೂ ಮುದ್ದಲ್ಲ. ಅಟ್ಲಾಂಟ ತಂಡ 1980ರ ದಶಕದ ಮಧ್ಯದವರೆಗೆ ಅಮೆರಿಕದ ಮೂಲನಿವಾಸಿಗಳ ನಾಯಕನ ವೇಷವೊಂದನ್ನು ಗ್ಯಾಲರಿಯ ಗುಡಾರದಲ್ಲಿ ಕೂರಿಸುತ್ತಿತ್ತು. ಕ್ಲೀವ್‌ಲ್ಯಾಂಡ್ ತಂಡದ ಅಂಗಿಯ ಮೇಲೆ ಕೆಂಪು ಮುಖದ ಹಲ್ಲುಕಿರಿಯುವ ಚಿತ್ರ 2018ರವರೆಗೆ ಇತ್ತು. ಆ ಜನ ದಶಕಗಳ ಕಾಲ ಬೇಡ ಎಂದರು. ಕೊನೆಗೆ ಚಿತ್ರ ಹೋಯಿತು, ಆಮೇಲೆ ತಂಡದ ಹೆಸರೂ ಬದಲಾಗಿ ಗಾರ್ಡಿಯನ್ಸ್ ಆಯಿತು. ಹಸಿರು ಪ್ರಾಣಿಯನ್ನು ಅಣಕಿಸಿದರೆ ನೋಯುವವರು ಯಾರೂ ಇಲ್ಲ. ಇನ್ನೊಬ್ಬರ ಅಜ್ಜನನ್ನು ವೇಷ ಮಾಡಿಕೊಂಡರೆ ಹಾಗಲ್ಲ.

ಜಪಾನ್ ಬಗ್ಗೆ ಹೇಳದೆ ಮುಗಿಸಲಾರೆ. ಟೋಕಿಯೊದ ಯಾಕುಲ್ಟ್ ಸ್ವಾಲೋಸ್ ತಂಡದ ಮ್ಯಾಸ್ಕಾಟ್ ತ್ಸುಬಕುರೊ. ಹೆಸರಿಗೆ ಬಾನಾಡಿ, ನೋಡಲು ದಪ್ಪ ಪೆಂಗ್ವಿನ್. ಓಡುತ್ತಿರಲಿಲ್ಲ, ಪಲ್ಟಿ ಹೊಡೆಯುತ್ತಿರಲಿಲ್ಲ. ಒಂದು ಸ್ಕೆಚ್ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಏನಾದರೂ ಕುಹಕ ಬರೆದು ಎತ್ತಿ ತೋರಿಸುತ್ತಿದ್ದ. ಪ್ರತಿ ವರ್ಷ ಆಟಗಾರರ ಹಾಗೆ ಸಂಬಳದ ಮಾತುಕತೆಗೆ ಕೂರುತ್ತಿದ್ದ, ಅದು ಪತ್ರಿಕೆಯಲ್ಲಿ ಬರುತ್ತಿತ್ತು. 1994ರಲ್ಲಿ ಬಂದವನು 2022ರಲ್ಲಿ 2,000 ಪಂದ್ಯ ಮುಟ್ಟಿದ. 2025ರ ಫೆಬ್ರವರಿಯಲ್ಲಿ ತಂಡ ಒಂದು ಸಣ್ಣ ಪ್ರಕಟಣೆ ಹೊರಡಿಸಿತು. ತ್ಸುಬಕುರೊನ ಕೆಲಸ ನೋಡಿಕೊಳ್ಳುತ್ತಿದ್ದ ಸಿಬ್ಬಂದಿ ತೀರಿಕೊಂಡಿದ್ದಾರೆ, ಅವನ ಓಡಾಟ ಸದ್ಯಕ್ಕೆ ನಿಲ್ಲುತ್ತದೆ ಎಂದು. ಒಳಗಿದ್ದವರು ಎಂದು ಅಲ್ಲೂ ಬರೆಯಲಿಲ್ಲ.

ಇಷ್ಟು ಹೇಳಿ ಕೂತೆ. ಪ್ರಶ್ನೆ ಕೇಳಿ ಎಂದರು. ವೇಷ ಒಗೆಯುವುದು ಹೇಗೆ, ಒಳಗೆ ಸೆಕೆ ಎಷ್ಟಿರುತ್ತದೆ, ಆರ್‌ಸಿಬಿಗೂ ಇಂಥದ್ದೊಂದು ಬೇಕಲ್ಲವೇ, ಹೀಗೆಲ್ಲ ಬಂತು. ಕೊನೆಗೆ ಹಿಂದಿನ ಸಾಲಿನಲ್ಲಿದ್ದ ಒಬ್ಬರು ಅಜ್ಜಿ ಎದ್ದರು. "ಅದೆಲ್ಲ ಸರಿಯಪ್ಪ, ಆ ಹಸಿರು ಭೂತ ನಿನ್ನ ತಲೆ ಉಜ್ಜಿತಲ್ಲ, ಅವತ್ತು ಗೆದ್ದವರು ಯಾರು?"

ಯೋಚಿಸಿದೆ. ನೆನಪಾಗಲಿಲ್ಲ. ಎದುರು ತಂಡ ಯಾವುದಿತ್ತು ಅನ್ನುವುದೂ.